ಪೇಲ್ ಏಲ್ ಬ್ಯಾಚ್ ಕೆಟ್ಟಿತು, ಕಾರಣ ನಲ್ಲಿಯೊಳಗೆ ಸಿಕ್ಕಿತು

ಈ ಮಳೆಗಾಲದಲ್ಲಿ ಮನೆಯಲ್ಲೇ ಮಾಡಿದ ಪೇಲ್ ಏಲ್ ಬಿಯರ್ ಬಾಟಲಿಗೆ ಹೋಗುವುದಿಲ್ಲ. ಇಪ್ಪತ್ತು ಚಿಲ್ಲರೆ ಲೀಟರ್ ಬಿಯರ್, ಅಷ್ಟೂ ಹಾಳು. ತುಂಬಾ ಬೇಜಾರಾಗಿದೆ.

ಶುರುವಾತು ಚೆನ್ನಾಗಿಯೇ ಇತ್ತು. ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಕರಗಿ ಹೋದಂತೆ ಇಳಿಯುತ್ತದೆ) 1.048 ಇದ್ದದ್ದು 1.011ಕ್ಕೆ ಇಳಿದು ನಿಂತಿತ್ತು, ರುಚಿ ಸ್ವಚ್ಛ, ಕ್ಯಾಸ್ಕೇಡ್ ಹಾಪ್ಸ್‌ನ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ವಾಸನೆಯೂ ಸರಿಯಾಗಿ ಬಂದಿತ್ತು. ಜುಲೈನಲ್ಲಿ ಪುಣೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಾಟಲಿ ಎಲ್ಲಿಂದ ಒಣಗಬೇಕು ಹೇಳಿ! ಅವು ಒಣಗಲಿ ಅಂತ ಬಿಯರನ್ನು ಬಕೆಟ್‌ನಲ್ಲೇ ಬಿಟ್ಟಿದ್ದೆ. ಆಮೇಲೆ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಪೊರೆ. ಕಾಯಿಸಿದ ಹಾಲಿನ ಕೆನೆಯ ಹಾಗೆ ತೆಳ್ಳಗೆ, ಸುಕ್ಕು ಸುಕ್ಕಾಗಿ, ಅದರಡಿ ದೊಡ್ಡ ಗುಳ್ಳೆಗಳು ಸಿಕ್ಕಿಕೊಂಡು ನಿಂತಿದ್ದವು.

ವಾರ್ಜೆಯಲ್ಲಿರುವ ಧಾರವಾಡದ ಗೆಳೆಯನಿಗೆ ಫೋಟೋ ಕಳಿಸಿದೆ. "ಬೂಷ್ಟು ಬಂದೈತಿ, ಚೆಲ್ಲಿಬಿಡಪಾ" ಅಂದ. ಆದರೆ ಇದು ಬೂಷ್ಟು ಅಲ್ಲ. ಬೂಷ್ಟಿಗೆ ಕೂದಲಿನಂಥ ಎಳೆ ಇರುತ್ತದೆ, ಹಸಿರು ಅಥವಾ ಕಪ್ಪು ಬಣ್ಣ ಬರುತ್ತದೆ, ಅದು ಬಂದರೆ ಯೋಚನೆಯೇ ಬೇಡ, ಎಲ್ಲ ಚೆಲ್ಲಬೇಕು. ಇದು ಪೆಲಿಕಲ್. ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಗಾಳಿ ಸಿಕ್ಕಲ್ಲಿ ಕಟ್ಟಿಕೊಳ್ಳುವ ಪೊರೆ.

ನೋಡಿ ಗಾಬರಿಯಾಗುವುದಕ್ಕಿಂತ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಇಳಿಸುವುದು ಒಳ್ಳೆಯದು. ಇಳಿಸಿದೆ. 1.005! ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.6, ಮಾಮೂಲಿ ಬಿಯರ್‌ನಲ್ಲಿ 4.2ರ ಆಸುಪಾಸು ಇರುತ್ತದೆ. ಏಲ್ ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್ಟ್ರಿನ್ ಎಂಬ ಉದ್ದ ಸರಪಳಿಯ ಸಕ್ಕರೆಗಳನ್ನು ಕೆಲವು ಕಾಡು ಯೀಸ್ಟ್‌ಗಳು ತಿನ್ನುತ್ತವೆ, ಹುಳಿ ಮಾಡುವುದು ಲ್ಯಾಕ್ಟೋಬ್ಯಾಸಿಲಸ್ ತರಹದ ಬ್ಯಾಕ್ಟೀರಿಯಾ. ಇಲ್ಲಿ ಎರಡೂ ಸೇರಿಕೊಂಡಿರಬೇಕು. ಹಾಪ್ಸ್ ಹಾಕಿದ್ದೇವಲ್ಲ, ಏನೂ ಆಗಲ್ಲ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಹಾಪ್ಸ್ ಲ್ಯಾಕ್ಟೋಬ್ಯಾಸಿಲಸನ್ನು ತಡೆಯುವುದು ನಿಜ, ಆದರೆ ಅದನ್ನೂ ತಾಳಿಕೊಳ್ಳುವ ತಳಿಗಳಿವೆ, ಕಾಡು ಯೀಸ್ಟ್‌ಗಂತೂ ಹಾಪ್ಸ್ ಲೆಕ್ಕಕ್ಕೇ ಇಲ್ಲ.

ಇಂಥದ್ದನ್ನು ಕುಡಿದರೆ ಸಾಮಾನ್ಯವಾಗಿ ಜೀವಕ್ಕೇನೂ ಆಗುವುದಿಲ್ಲ. ಅಷ್ಟು ಹುಳಿ, ಅಷ್ಟು ಆಲ್ಕೋಹಾಲ್ ಇರುವ ಕಡೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಅಪಾಯ ಇರುವುದು ಬಾಟಲಿಯಲ್ಲಿ, ಅದನ್ನು ಎಲ್ಲರೂ ತಿಳಿದುಕೊಳ್ಳಲೇಬೇಕು. ಗ್ರ್ಯಾವಿಟಿ ಎರಡು ಪಾಯಿಂಟ್ ಇಳಿದರೆ ಸುಮಾರು ಒಂದು ವಾಲ್ಯೂಮ್ ಗ್ಯಾಸ್, ಅಂದರೆ ಲೀಟರ್ ಬಿಯರಿಗೆ ಒಂದು ಲೀಟರ್ ಗ್ಯಾಸ್, ಹುಟ್ಟುತ್ತದೆ. 1.011 ಇದ್ದಾಗಲೇ ನೊರೆ ಬರಲೆಂದು ಸಕ್ಕರೆ ಹಾಕಿ ಬಾಟಲಿ ಮಾಡಿದ್ದರೆ ಮಾಮೂಲಿ 2.4 ವಾಲ್ಯೂಮ್ ಜೊತೆಗೆ ಇನ್ನೂ ಮೂರು ಸೇರಿ ಐದು ದಾಟುತ್ತಿತ್ತು. ಸಾಧಾರಣ ಬಿಯರ್ ಬಾಟಲಿ ಅಷ್ಟು ಒತ್ತಡ ತಡೆಯುವುದಿಲ್ಲ, ಒಡೆದು ಗಾಜು ಸಿಡಿಯುತ್ತದೆ. ಮನೆಯಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ.

ಸರಿ, ಇದು ಎಲ್ಲಿಂದ ಬಂತು? ವರ್ಟ್, ಅಂದರೆ ಬಿಯರ್ ಆಗುವ ಮುಂಚಿನ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸಿಹಿ ರಸ, ಒಂದು ಗಂಟೆ ಕುದ್ದಿದೆ, ಹಾಗಾಗಿ ತಣ್ಣಗಾದ ಮೇಲೆ ಮುಟ್ಟಿದ್ದನ್ನೆಲ್ಲ ಹುಡುಕಬೇಕು. ಟ್ಯೂಬ್, ಗ್ಯಾಸ್ ಹೊರಬಿಡುವ ಏರ್‌ಲಾಕ್, ಮುಚ್ಚಳದ ರಬ್ಬರ್ ಎಲ್ಲ ನೋಡಿದೆ. ಕೊನೆಗೆ ಬಕೆಟ್‌ನ ನಲ್ಲಿ. ಹೊರಗಿಂದ ಫಳಫಳ. ಆದರೆ ಈ ನಲ್ಲಿ ಎರಡು ತುಂಡು, ಒಳಗೆ ತಿರುಗುವ ಕೊಳವೆ, ಹೊರಗೆ ಕವಚ. ಬಿಸಿನೀರಿನಲ್ಲಿ ನೆನೆಸಿ ಜೋರಾಗಿ ತಳ್ಳಿದರೆ ಕೊಳವೆ ಟಪ್ ಅಂತ ಈಚೆ ಬಂತು, ಅದರ ಸುತ್ತ ಕಂದು ಬಣ್ಣದ ಅಂಟು ಕೂತಿತ್ತು, ಉಗುರಿನಿಂದ ಕೆರೆದರೆ ಹುಳಿ ವಾಸನೆ. ಸ್ಯಾನಿಟೈಸರ್ ಆ ಸಂದಿಗೆ ಹೋಗುವುದೇ ಇಲ್ಲ, ಹೋದರೂ ಕೊಳೆಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಿಡಿಸಲು ಬಾರದ ನಲ್ಲಿಯನ್ನು ಯಾರೂ ಕೊಳ್ಳಬೇಡಿ.

1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು ಇಂಥದ್ದೇ ಕಾಟದಿಂದ. ಬ್ರೂವರಿಯ ಯೀಸ್ಟ್‌ನಲ್ಲೇ ಕಾಡು ಯೀಸ್ಟ್ ಬೆರೆತಿತ್ತು. ಅದಕ್ಕೇ ಈ ಬಕೆಟ್‌ನ ತಳದ ಯೀಸ್ಟನ್ನು ಮುಂದಿನ ಬ್ಯಾಚಿಗೆ ಎತ್ತಿಡಲಿಲ್ಲ. ಹೊಸ ಪ್ಯಾಕೆಟ್ ತರುತ್ತೇನೆ.

ಟ್ಯೂಬ್, ರಬ್ಬರ್, ನಲ್ಲಿ ಕಸಕ್ಕೆ ಹೋದವು. ಬಕೆಟ್‌ನ ಒಳಗೆ ಗೀರುಗಳಿದ್ದವು, ಅದೂ ಈಗ ಬಟ್ಟೆ ನೆನೆಸಲಿಕ್ಕೆ. ಸ್ಟೀಲ್ ಪಾತ್ರೆಗಳನ್ನು ಸೋಡಿಯಂ ಪರ್‌ಕಾರ್ಬೊನೇಟ್ ಹಾಕಿದ ಬಿಸಿನೀರಲ್ಲಿ ನೆನೆಸಿ, ತೊಳೆದು, ಆಮೇಲೆ 12.5 ಪಿಪಿಎಂ ಅಯೊಡೊಫೋರ್‌ನಲ್ಲಿ ಎರಡು ನಿಮಿಷ ಮುಳುಗಿಸಿದೆ. ಅಯೊಡೊಫೋರ್ ಹೈನುಗಾರಿಕೆಯವರು ಬಳಸುವ ದ್ರಾವಣ, ಡೈರಿ ಸಾಮಾನಿನ ಅಂಗಡಿಯಲ್ಲಿ ಕೇಳಿ.

ಬಿಯರ್‌ನಲ್ಲಿ ಅರ್ಧ ಚೆಲ್ಲಿದೆ. ಇನ್ನರ್ಧವನ್ನು ಗಾಜಿನ ಜಾಡಿಗೆ ಹಾಕಿ, ಸ್ವಲ್ಪ ಪಾಶ್ಚರೀಕರಿಸದ ವಿನೆಗರ್ ಬೆರೆಸಿ, ಬಾಯಿಗೆ ಪಂಚೆ ಬಟ್ಟೆ ಕಟ್ಟಿಟ್ಟಿದ್ದೇನೆ. ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ಮಾಲ್ಟ್ ವಿನೆಗರ್ ಆಗುತ್ತದೆ. ಹಾಪ್ಸ್‌ನ ಕಹಿ ಸ್ವಲ್ಪ ಉಳಿಯುತ್ತದೆ, ಪರವಾಗಿಲ್ಲ. ಜಾಡಿ ಬಾಲ್ಕನಿಯಲ್ಲಿದೆ, ಬ್ರೂಯಿಂಗ್ ಸಾಮಾನಿನಿಂದ ಆದಷ್ಟು ದೂರ.

ಮುಂದಿನ ಬ್ಯಾಚ್‌ಗೆ ನಲ್ಲಿಯೇ ಇಲ್ಲದ ಬಕೆಟ್, ಸೈಫನ್‌ನಿಂದ ಬಾಟಲಿಗೆ. ಮಾಲ್ಟ್ ಆರ್ಡರ್ ಹಾಕಿಯಾಗಿದೆ.