ಬಾನೆಟ್ ಮೇಲೆ 1035, ಅಡಿಯಲ್ಲಿ ಚಿನ್ನದ ಬಣ್ಣ: ಮಾವನ ಟ್ರ್ಯಾಕ್ಟರಿನ ಜಾತಕ

ಜೂನ್

ದೇವನಹಳ್ಳಿ ಕಡೆ ನಮ್ಮ ಸೋದರಮಾವನ ಶೆಡ್ಡಿನಲ್ಲಿ ನಿಂತಿರುವ ಕೆಂಪು ಟ್ರ್ಯಾಕ್ಟರನ್ನ ಮನೆಯವರೆಲ್ಲ ‘ಹಳೇ ಮ್ಯಾಸಿ’ ಅಂತಲೇ ಕರೆಯೋದು. ಎಷ್ಟು ಹಳೇದು ಅಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅತ್ತೆ ಮದುವೆಯಾಗಿ ಬಂದಾಗಲೇ ಅದು ಹಳೇದಾಗಿತ್ತಂತೆ. ಮಾವನಿಗೆ ಮಾತ್ರ ಅನುಮಾನವೇ ಇಲ್ಲ. “ಬಾನೆಟ್ ಮೇಲೇ ಬರೆದೈತಲ್ಲಮ್ಮಾ, 1035 ಅಂತ. ಇನ್ನೇನು ಹುಡುಕ್ತೀಯ?”

ಬಾನೆಟ್ಟನ್ನ ನಾನು ಸಾಕ್ಷಿ ಅಂತ ಒಪ್ಪಲ್ಲ. ತಗಡು ತುಕ್ಕು ಹಿಡಿಯುತ್ತೆ, ಮರಕ್ಕೆ ಗುದ್ದಿ ನಗ್ಗುತ್ತೆ, ಗುಜರಿಯಲ್ಲಿ ಸಿಕ್ಕಿದ್ದನ್ನ ತಂದು ಕೂರಿಸುತ್ತಾರೆ. 1035 ಅನ್ನೋದು ಚೆನ್ನೈನ ಟಾಫೆ ಕಂಪನಿಯ ಮಾಡೆಲ್ಲು. ಆ ಕಂಪನಿ ಹುಟ್ಟಿದ್ದೇ 1960ರಲ್ಲಿ, ಮ್ಯಾಸಿ ಫರ್ಗ್ಯೂಸನ್ ಜೊತೆಗಿನ ಒಪ್ಪಂದದಿಂದ. ಇದರ ಬಾನೆಟ್ಟನ್ನು ಹಿಡಿದಿರೋ ಬೋಲ್ಟುಗಳಿಗೆ 13ರ ಸ್ಪ್ಯಾನರ್ ಸಲೀಸಾಗಿ ಕೂರುತ್ತೆ. ಕೆಳಗೆ ಗೇರ್‌ಬಾಕ್ಸಿನ ಬೋಲ್ಟಿಗೆ ಹೋದರೆ 14 ಹತ್ತಲ್ಲ, 15 ಜಾರುತ್ತೆ. 9/16 ಇಂಚಿನದು ಹಾಕಿದರೆ ಕಚ್ಚಿ ಕೂತಿತು. ಮೇಲೆ ಎಂಎಂ, ಕೆಳಗೆ ಇಂಚು: ಎರಡೂ ಒಂದೇ ದಿನ ಫ್ಯಾಕ್ಟರಿಯಿಂದ ಹೊರಬಂದಿರೋ ಸಾಧ್ಯತೆ ಕಮ್ಮಿ.

ಆರ್‌ಸಿ ಬುಕ್ಕಿನಿಂದ ಉಪಯೋಗವಾಗಲಿಲ್ಲ. ಅದು ಡೂಪ್ಲಿಕೇಟು, ತಯಾರಾದ ವರ್ಷದ ಜಾಗ ಖಾಲಿ. ನಂಬರು ‘ಎಂವೈ’ ಅಂತ ಶುರುವಾಗೋ ಮೂರಕ್ಷರದ್ದು, ಅಂದರೆ 1989ರಲ್ಲಿ ಕೆಎ ಬರೋಕೆ ಮುಂಚಿನದು. ಅಷ್ಟು ನಮ್ಮತ್ತೆಗೇ ಗೊತ್ತಿತ್ತು.

ಈ ಜಾತಿಯ ಟ್ರ್ಯಾಕ್ಟರಿಗೆ ಲಾರಿಗಿರೋ ಥರ ಬೇರೆ ಚಾಸಿಸ್ ಇರಲ್ಲ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಮೂರನ್ನೂ ಒಂದಕ್ಕೊಂದು ಬೋಲ್ಟ್ ಮಾಡಿದರೆ ಅದೇ ಮೈ. ಹಾಗಾಗಿ ವಯಸ್ಸು ಕೇಳಬೇಕಾದದ್ದು ಆ ಎರಕದ ಭಾಗಗಳನ್ನ, ಒಂದೊಂದನ್ನೂ ಬೇರೆ ಬೇರೆಯಾಗಿ.

ಮೊದಲು ಗೇರು. ಮೂರು ಗೇರು, ಹೈ ಮತ್ತು ಲೋ, ಒಟ್ಟು ಆರು ಮುಂದಕ್ಕೆ, ಎರಡು ಹಿಂದಕ್ಕೆ. 1946ರಿಂದ 1956ರವರೆಗೆ ಬಂದ ಬೂದು ಬಣ್ಣದ ಫರ್ಗ್ಯೂಸನ್ ಟಿಇ20ಗೆ ನಾಲ್ಕೇ ಗೇರು, ಒಂದು ರಿವರ್ಸು. ಹೈಡ್ರಾಲಿಕ್ ಲಿಫ್ಟಿಗೂ ಇದರಲ್ಲಿ ಎರಡು ಲಿವರ್ ಇದೆ, ಒಂದು ಡ್ರಾಫ್ಟಿಗೆ (ನೇಗಿಲಿನ ಎಳೆತಕ್ಕೆ), ಒಂದು ಪೊಸಿಷನ್ನಿಗೆ (ಎತ್ತರಕ್ಕೆ). ಟಿಇ20ಗೆ ಒಂದೇ. ಅಲ್ಲಿಗೆ ಇದು ಟಿಇ20 ಆದಮೇಲೆ ಬಂದ ಫರ್ಗ್ಯೂಸನ್ 35ರ ವಂಶ ಅಂತಾಯಿತು.

ಜುಲೈ

ಈ ತಿಂಗಳು ಪೂರ್ತಿ ಬಣ್ಣದ ಕೆಲಸ. ಬ್ರಷ್ಷಿನಲ್ಲಿ ಬಳಿದ ಕೆಂಪು, ಅದರಡಿ ಇನ್ನೊಂದು ಕೆಂಪು, ಅಲ್ಲಲ್ಲಿ ಪುಟ್ಟಿ. ಕೆರೆದು ತೆಗೆದರೆ ಎಲ್ಲಾ ಪದರ ಒಟ್ಟಿಗೇ ಎದ್ದುಬಿಡುತ್ತೆ, ಏನೂ ತಿಳಿಯಲ್ಲ. ಒಂದು ರೂಪಾಯಿ ಅಗಲದ ಜಾಗ ಹಿಡಿದುಕೊಂಡು ನೀರು ಹಾಕಿ 220ರ ವಾಟರ್ ಪೇಪರ್, ಆಮೇಲೆ 400, ಕೊನೆಗೆ 600 ಅಂತ ನಿಧಾನಕ್ಕೆ ತಿಕ್ಕಬೇಕು. ನಡುವೆ ಲೋಹ ಕಾಣಿಸೋ ಹೊತ್ತಿಗೆ ಸುತ್ತ ಪದರಗಳು ಬಳೆ ಬಳೆಯಾಗಿ ತೆರೆದುಕೊಳ್ಳುತ್ತವೆ; ಒಳಗಿನ ಬಳೆ ಮೊದಲ ಬಣ್ಣ.

ಜಾಗ ಆರಿಸೋದರಲ್ಲೇ ಅರ್ಧ ಕೆಲಸ. ಬಿಸಿಲು ಬೀಳೋ ಕಡೆ ಹಳೇ ಬಣ್ಣ ಉಳಿದಿರಲ್ಲ. ಗ್ರೀಸ್ ಮೆತ್ತಿ ಗಟ್ಟಿಯಾದ ಕಡೆ ಭದ್ರವಾಗಿರುತ್ತೆ. ಪಿಟಿಒ ಶಾಫ್ಟಿನ (ಹಿಂದೆ ಕಟ್ಟೋ ಯಂತ್ರಗಳನ್ನ ಇಂಜಿನ್ ಬಲದಲ್ಲಿ ತಿರುಗಿಸೋ ದಂಡ) ಮೇಲ್ಗಡೆ, ಲಿಫ್ಟ್ ಆರ್ಮಿನ ಸಂದಿಯಲ್ಲಿ ಬೆರಳು ದಪ್ಪ ಕರಿ ಗ್ರೀಸಿತ್ತು. ಸೀಮೆಎಣ್ಣೆ ಈಗ ಸಿಗೋದು ಕಷ್ಟ, ಡೀಸೆಲ್ ಬಟ್ಟೆಯಲ್ಲೇ ಒರೆಸಿದೆ. ತಿಕ್ಕಿದಾಗ ಕೆಂಪು ಹೋಯಿತು, ಬೂದು ಬರಲಿಲ್ಲ. ಬಂದದ್ದು ಮಂಕು ಚಿನ್ನದ ಬಣ್ಣ, ತಾಮ್ರಕ್ಕೆ ಹತ್ತಿರ.

ಇದು ದೊಡ್ಡ ಸುಳಿವು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1956ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಫರ್ಗ್ಯೂಸನ್ ಎಫ್‌ಇ35ಗೆ ತಗಡು ಬೂದು, ಎರಕದ ಭಾಗಗಳು ಚಿನ್ನದ ಬಣ್ಣ. ಅಲ್ಲಿನ ಹವ್ಯಾಸಿಗಳು ಅದಕ್ಕೆ ‘ಗೋಲ್ಡ್ ಬೆಲ್ಲಿ’ ಅಂತಲೇ ಅಡ್ಡಹೆಸರಿಟ್ಟಿದ್ದಾರೆ. 1957 ಮುಗಿಯೋ ಹೊತ್ತಿಗೆ ಹೆಸರು ಮ್ಯಾಸಿ ಫರ್ಗ್ಯೂಸನ್ 35 ಅಂತಾಗಿ, ತಗಡು ಕೆಂಪು, ಕೆಳಗಿನದು ಬೂದು ಆಯಿತು. ಅಂದರೆ ನಮ್ಮ ಹಿಂದಿನ ಹೌಸಿಂಗ್ ಹೆಚ್ಚುಕಮ್ಮಿ ಒಂದೇ ವರ್ಷದ ಕಿಂಡಿಯಲ್ಲಿ ಕೂರುತ್ತೆ.

ಮಾವ ಬಗ್ಗಿ ನೋಡಿದರು. “ಯಾರೋ ಹಬ್ಬಕ್ಕೆ ಗೋಲ್ಡ್ ಪೇಂಟ್ ಹೊಡ್ಸಿರ್ತಾರೆ ಬಿಡಮ್ಮಾ” ಅಂದರು. ಆಯುಧಪೂಜೆಗೆ ಏನೇನು ಬಳಿಯುತ್ತಾರೆ ಅಂತ ನನಗೂ ಗೊತ್ತು. ಆದರೆ ಗೋಲ್ಡ್ ಪೇಂಟ್ ಹೊಡೆಯೋರು ಎಲ್ಲಕ್ಕಿಂತ ಅಡಿಯಲ್ಲಿ, ಲಿಫ್ಟ್ ಆರ್ಮಿನ ಸಂದಿಯೊಳಗೆ ಹೊಡೆಯಲ್ಲ.

ಆಗಸ್ಟ್

ಇಂಜಿನ್ ಕಥೆಯೇ ಬೇರೆ. ಇಂಜೆಕ್ಟರ್ ಎಣಿಸಿದರೆ ಮೂರು. ಪರ್ಕಿನ್ಸ್ ಎ3.152, ಅಂದರೆ ಮೂರು ಸಿಲಿಂಡರ್, 152 ಘನ ಇಂಚು, ಸುಮಾರು ಎರಡೂವರೆ ಲೀಟರ್. ಈ ಇಂಜಿನ್ 35ರ ಹೊಟ್ಟೆಗೆ ಬಂದದ್ದು 1959ರಲ್ಲಿ. ಎಫ್‌ಇ35 ಡೀಸೆಲ್‌ಗೆ ಹಾಕುತ್ತಿದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ. ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ ಅಂತ ಅದು ಹೆಸರು ಕೆಡಿಸಿಕೊಂಡಿತ್ತು. ಇಂಗ್ಲೆಂಡಿನಲ್ಲೂ ಎಷ್ಟೋ ಜನ ಅದನ್ನ ಕಿತ್ತು ಪರ್ಕಿನ್ಸ್ ಕೂರಿಸಿದ್ದಾರೆ. ನಮ್ಮ ಕಡೆ ಚಳಿಗಿಂತ ಬಿಡಿಭಾಗದ ತಾಪತ್ರಯವೇ ಕಾರಣ ಇರಬೇಕು ಅನ್ನೋದು ನನ್ನ ಊಹೆ. ಪರ್ಕಿನ್ಸ್ ಆದರೆ ಚೆನ್ನೈನ ಸಿಂಪ್ಸನ್ ಕಂಪನಿಯೇ ಮಾಡುತ್ತಿತ್ತು.

ಇಂಜೆಕ್ಟರ್ ನಾಜಲ್ ಮೇಲೆ ‘ಮೈಕೋ’ ಅಂತಿದೆ. ನಮ್ಮ ಆಡುಗೋಡಿಯದೇ, 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಆದ ಕಂಪನಿ. ಖುಷಿಯಾಯಿತು, ಆದರೆ ಸಾಕ್ಷಿಯಾಗಿ ಅದಕ್ಕೆ ಬೆಲೆಯಿಲ್ಲ. ನಾಜಲ್ಲು ಸವೆದಾಗೆಲ್ಲ ಬದಲಾಗೋ ಸಾಮಾನು.

ಆಮೇಲೆ ಪ್ಲೇಟು. ಡ್ಯಾಶ್‌ಬೋರ್ಡಿನ ಮೇಲಿರಬೇಕಾದ ಸೀರಿಯಲ್ ಪ್ಲೇಟ್ ಇಲ್ಲವೇ ಇಲ್ಲ ಅಂತ ಮಾವ ಆಣೆ ಮಾಡಿದ್ದರು. ಇತ್ತು. ಬಣ್ಣ ತುಂಬಿಕೊಂಡು ತಗಡಿನ ಮಟ್ಟಕ್ಕೇ ಬಂದಿತ್ತು ಅಷ್ಟೇ. ಪ್ಲೇಟಿಗೆ ಎಮರಿ ಮುಟ್ಟಿಸಬಾರದು, ಗುದ್ದಿದ ಅಂಕಿಯ ಅಂಚೇ ಸವೆದುಹೋಗುತ್ತೆ. ಪೇಂಟ್ ರಿಮೂವರ್ ಹಚ್ಚಿ, ಬೊಬ್ಬೆ ಎದ್ದಮೇಲೆ ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ಟಾರ್ಚನ್ನ ಪಕ್ಕದಿಂದ ಅಡ್ಡಡ್ಡ ಹಿಡಿದರೆ ಅಂಕಿಗಳ ನೆರಳು ಬೀಳುತ್ತೆ. ಎಸ್‌ಡಿಎಂ, ಆಮೇಲೆ 4ರಿಂದ ಶುರುವಾಗೋ ಐದಂಕಿ.

ಅಕ್ಷರಗಳೇ ಅರ್ಧ ಜಾತಕ. ಎಸ್ ಅಂದರೆ ಮಾಮೂಲಿ ಅಗಲದ ಕೃಷಿ ಮಾಡೆಲ್, ಡಿ ಅಂದರೆ ನಾಲ್ಕು ಸಿಲಿಂಡರಿನ ಡೀಸೆಲ್, ಎಂ ಅಂದರೆ ಡಬಲ್ ಕ್ಲಚ್. ಮೂರು ಸಿಲಿಂಡರಿನದಾಗಿದ್ದರೆ ಡಿ ಜಾಗದಲ್ಲಿ ಎನ್ ಇರುತ್ತಿತ್ತು. ಹೊಟ್ಟೆಯಲ್ಲಿ ಮೂರು, ಹಣೆಯಲ್ಲಿ ನಾಲ್ಕು: ಇಂಜಿನ್ ಆಮೇಲೆ ಬಂದದ್ದು ಅನ್ನೋದಕ್ಕೆ ಇನ್ನೇನು ಬೇಕು? ಎಂ ಅಕ್ಷರವನ್ನ ಕಾಲಿನಲ್ಲೇ ಪರೀಕ್ಷೆ ಮಾಡಿದೆವು. ಮಾವ ಕ್ಲಚ್ಚನ್ನ ಅರ್ಧ ಒತ್ತಿದರು, ಗಾಡಿ ನಿಂತಿತು, ಪಿಟಿಒ ತಿರುಗುತ್ತಲೇ ಇತ್ತು. ಪೂರ್ತಿ ಒತ್ತಿದಾಗ ಅದೂ ನಿಂತಿತು. ಐದಂಕಿಯ ಆ ನಂಬರು ಬೀಳೋದು 1957ಕ್ಕೆ.

ಪ್ಲೇಟನ್ನೂ ಕಿತ್ತು ಇನ್ನೊಂದಕ್ಕೆ ಹೊಡೆಯಬಹುದು, ಹೊಡೆಯುತ್ತಾರೆ. ಆದರೆ ಚಿನ್ನದ ಬಣ್ಣವೂ ನಂಬರೂ ಒಂದೇ ವರ್ಷ ಹೇಳುವಾಗ ನಾನು ಒಪ್ಪಿಕೊಳ್ಳುತ್ತೇನೆ. ಅದರ ಮೇಲೆ ಅಟ್ಟದಲ್ಲಿ ಗೋಣಿಚೀಲದೊಳಗೆ ಹಳೇ ಲ್ಯೂಕಸ್ ಡೈನಮೋ ಸಿಕ್ಕಿತು. ಮೈಮೇಲೆ ಗುದ್ದಿರೋದು 7 57, ಅಂದರೆ ಜುಲೈ 1957.

ಜಾಲಹಳ್ಳಿಯಲ್ಲಿರೋ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ತನ್ನ ಅಜ್ಜನ ಎಚ್‌ಎಂಟಿ ಟ್ರ್ಯಾಕ್ಟರಿನ ಫೋಟೋ ಕಳಿಸಿದ್ದಾನೆ. ಎಚ್‌ಎಂಟಿ ಅಂದರೆ ಬೆಂಗಳೂರಿನವರಿಗೆ ವಾಚು. ಟ್ರ್ಯಾಕ್ಟರ್ ಮಾಡುತ್ತಿದ್ದದ್ದು ಹರಿಯಾಣದ ಪಿಂಜೋರಿನಲ್ಲಿ, 1971ರಿಂದ, ಜೆಕೊಸ್ಲೊವಾಕಿಯಾದ ಜೆಟರ್ 2511 ಮಾದರಿಯಲ್ಲಿ. ಬಾನೆಟ್ ಬಿಟ್ಟು ಗೇರ್‌ಬಾಕ್ಸಿನ ಫೋಟೋ ಕಳಿಸು ಅಂತ ಹೇಳಿದ್ದೇನೆ.

ಮುಂದಿನ ಕೆಲಸ

ಪರ್ಕಿನ್ಸ್ ಇರಲಿ, ತೆಗೆಯಲ್ಲ. ಕೆಲಸ ಮಾಡುತ್ತಿರೋ ಇಂಜಿನ್ ಕಿತ್ತು ಶುದ್ಧತೆಗೋಸ್ಕರ 23ಸಿ ಹುಡುಕೋದು ನನಗೆ ಹುಚ್ಚಾಟ ಅನಿಸುತ್ತೆ. ಡೈನಮೋಗೆ ಕಾರ್ಬನ್ ಬ್ರಷ್ ಬೇಕು, ಜೆ.ಸಿ. ರಸ್ತೆಯಲ್ಲಿ ವಿಚಾರಿಸಬೇಕು. ಬಣ್ಣದ ವಿಷಯದಲ್ಲಿ ಒಪ್ಪಂದ ಇನ್ನೂ ಆಗಿಲ್ಲ: ನನಗೆ ಬೂದು ಮತ್ತು ಚಿನ್ನ ಬೇಕು, ಮಾವನಿಗೆ ಕೆಂಪೇ ಆಗಬೇಕು. “ಬೂದಿ ಬಣ್ಣ ಬಳಿದ್ರೆ ಊರೋರು ಟ್ರ್ಯಾಕ್ಟ್ರು ಸುಟ್ಟೋಯ್ತಾ ಅಂತಾರೆ” ಅನ್ನೋದು ಅವರ ತಕರಾರು. ಅತ್ತೆ ನನ್ನ ಕಡೆ ಇದ್ದಾರೆ.