ಜಗಲಿಯ ಪಂಚೆಗೆ ಬಂದ ಬೂದು ಪತಂಗ

ಜುಲೈ ಕೊನೆಯ ವಾರ ಪತಂಗ ನೋಡುವವರಿಗೆ ಹಬ್ಬ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಪತಂಗ ಸಪ್ತಾಹ ಈಗ ನಮ್ಮ ದೇಶದಲ್ಲೂ ನಡೆಯುತ್ತದೆ. ತಾರೀಖು ಗೊತ್ತು ಮಾಡಿದವರು ಮಲೆನಾಡಿನ ಪುಷ್ಯ ಮಳೆ ಕಂಡವರಲ್ಲ, ಅದಂತೂ ಖಂಡಿತ. ಆ ವಾರ ನಮ್ಮಲ್ಲಿ ಹಿತ್ತಲಿಗೆ ಹೋಗಿ ಬರುವುದೇ ದೊಡ್ಡ ಸಾಹಸ. ಆದರೂ ಅಕ್ಕನ ಮಗಳು ಹಟ ಬಿಡಲಿಲ್ಲ. ಅವಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. "ಅಂಗಳ ಬೇಡ, ಜಗಲಿಯಲ್ಲೇ ಮಾಡೋಣ ಮಾವಾ" ಅಂದಳು.

ಅಕ್ಕನ ಮನೆ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನಿಂದ ಕೊಡಚಾದ್ರಿ ಕಡೆ ಹೋಗುವ ದಾರಿಯಲ್ಲಿದೆ. ಭಾವನ ಬಿಳಿ ಪಂಚೆಯನ್ನು ಜಗಲಿಯ ದಳಿಗೆ ಕಟ್ಟಿ, ಎದುರಿಗೆ ಬಲ್ಬು ಇಳಿಬಿಟ್ಟೆವು. ಕತ್ತಲಾಗುತ್ತಿದ್ದಂತೆ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಬಚಾವಾದೆವು. ಊರಿಗೆಲ್ಲ ಕತ್ತಲಾದ ಮೇಲೆ ನಮ್ಮ ಒಂದೇ ದೀಪ ಉರಿಯುತ್ತಿದ್ದರೆ ಹುಳಗಳು ಬೇರೆ ಎಲ್ಲಿಗೆ ಹೋಗಬೇಕು?

ಮೊದಲು ಜೀರುಂಡೆಗಳು ದಬದಬ ಬಿದ್ದವು. ಆಮೇಲೆ ಉದ್ದ ಬಾಲದ ತಿಳಿಹಸಿರು ಪತಂಗವೊಂದು ಬಂತು, ಅಂಗೈಗಿಂತ ದೊಡ್ಡದು. ಮನೆಯವರೆಲ್ಲ ಮೊಬೈಲ್ ಹಿಡಿದು ಓಡಿ ಬಂದರು. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ ಮೇಲೆ ಒಬ್ಬೊಬ್ಬರೇ ಊಟಕ್ಕೆ ಎದ್ದರು. ಅಕ್ಕನ ಮಗಳು ಮಾತ್ರ ಪಂಚೆಯ ಕೆಳಗಿನ ಮೂಲೆಯಲ್ಲಿ ಮಂಡಿಯೂರಿ ಕೂತಿದ್ದಳು.

ಅಲ್ಲಿ ಒಂದು ಬೂದು ಚೂರು ಇತ್ತು. ನಾನಾದರೆ ಕಸ ಅಂತ ಊದಿಬಿಡುತ್ತಿದ್ದೆ.

ರೆಕ್ಕೆ ಪೂರಾ ಬಿಚ್ಚಿದರೂ ಎರಡು ಸೆಂಟಿಮೀಟರ್ ಇರಬಹುದು, ಅಷ್ಟೆ. ಇಸ್ತ್ರಿ ಹಾಕಿದ ಹಾಗೆ ಬಟ್ಟೆಗೆ ಅಂಟಿ ಕೂತಿತ್ತು. ಮುಂದಿನ ರೆಕ್ಕೆ ಉದ್ದ, ಕಿರಿದು. ಹಿಂದಿನದು ಚಿಕ್ಕದು, ಅರ್ಧ ಒಳಗೇ ಅಡಗಿತ್ತು. ಅವಳು ಮೊಬೈಲಿಗೆ ಸಿಕ್ಕಿಸುವ ಸಣ್ಣ ಲೆನ್ಸ್ ಕೊಟ್ಟಳು. ನೋಡಿದರೆ ಅದು ಬರೀ ಬೂದು ಅಲ್ಲ. ಕಂದು, ಬಿಳಿ, ಒಂದಿಷ್ಟು ಹಸಿರು, ಎಲ್ಲ ಬೆರೆತು ದೂರಕ್ಕೆ ಬೂದಾಗಿ ಕಾಣುತ್ತಿತ್ತು. ಸಪೂರ ಅಲೆಗೆರೆಗಳು ಮುಂದಿನ ರೆಕ್ಕೆಯಲ್ಲಿ ಶುರುವಾಗಿ ಹಿಂದಿನ ರೆಕ್ಕೆಯಲ್ಲೂ ಮುಂದುವರಿದಿದ್ದವು. ಮುಂದಿನ ರೆಕ್ಕೆ ಎರಡರಲ್ಲೂ ನಡುವೆ ಒಂದೊಂದು ಕಪ್ಪು ಚುಕ್ಕಿ. ಅಂಚಿನ ಕುಚ್ಚಿನಲ್ಲಿ ಒಂದು ಬಿಳಿ, ಒಂದು ಕಪ್ಪು, ಹೀಗೇ ಸಾಲು. ಕಲ್ಲುಹೂ ಹತ್ತಿದ ಅಡಿಕೆ ಮರದ ಮೇಲೆ ಇದು ಕೂತರೆ ಯಾರಿಗೆ ಕಾಣಬೇಕು?

"ಇದು ಯೂಪಿಥೇಸಿಯಾ, ಇಲ್ಲಾಂದ್ರೆ ಅದರ ಹತ್ತಿರದ ನೆಂಟ" ಅಂದಳು. ಮೊಳ ಹಾಕುತ್ತಾ ನಡೆಯುವ ಹುಳ ನೋಡಿದ್ದೀರಲ್ಲ, ಆ ಥರದ ಹುಳದಿಂದ ಬರುವ ಪತಂಗ. ಈ ಒಂದು ಕುಲದಲ್ಲೇ ಜಗತ್ತಿನಲ್ಲಿ ಸುಮಾರು 1,400 ಜಾತಿಗಳಿವೆ. ಹೆಚ್ಚಿನವು ಹೀಗೇ ಸಣ್ಣವು, ಬೂದುಬಣ್ಣದವು. ಇದರ ಬಳಗಕ್ಕೆ ತಂಪು ಅಂದರೆ ಇಷ್ಟ. ನಮ್ಮಂಥ ಬಿಸಿಲಿನ ನಾಡಿನಲ್ಲಿ ಗುಡ್ಡ ಏರಿದಷ್ಟೂ ಜಾಸ್ತಿ ಸಿಗುತ್ತವೆ.

ಕೈತೊಳೆದು ಬಂದ ಅಕ್ಕ "ಸರಿ, ಇದರ ಹೆಸರೇನು ಹೇಳು" ಅಂದಳು. ಪೂರ್ತಿ ಹೆಸರು ಬೇಕಾದರೆ ಅದನ್ನು ಕೊಂದು, ಹೊಟ್ಟೆಯ ತುದಿ ಬಿಡಿಸಿ, ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಂತೆ. ಎಷ್ಟೋ ಜಾತಿಗಳ ರೆಕ್ಕೆ ಒಂದೇ ಥರ ಇರುತ್ತದೆ. "ಹೆಸರಿಗೋಸ್ಕರ ಕೊಲ್ಲೋದಾ? ಬೇಡ ಬಿಡು ಮಾರಾಯ್ತಿ" ಅಂದಳು ಅಕ್ಕ. ಅವಳ ಮಾತೂ ಸರಿ. ಆದರೆ ಹಾಗೆ ಬಿಡಿಸಿ ನೋಡಿದವರು ಇಲ್ಲದಿದ್ದರೆ ನಮಗೆ ಇಷ್ಟಾದರೂ ಎಲ್ಲಿ ಗೊತ್ತಾಗುತ್ತಿತ್ತು? ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಜಾರ್ಜ್ ಹ್ಯಾಂಪ್ಸನ್ ಅಲ್ಲೇ ಪತಂಗಗಳ ಹುಚ್ಚು ಹಿಡಿಸಿಕೊಂಡು, 1892ರಿಂದ 1896ರ ಒಳಗೆ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಬರೆದ. ಇವತ್ತಿಗೂ ಹೆಸರು ಹುಡುಕುವವರು ಅವನ್ನು ತಿರುವಿ ಹಾಕುತ್ತಾರೆ.

ಭಾವನಿಗೆ ಇದ್ಯಾವುದೂ ಬೇಡ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಮಳೆ ಬಿಡುತ್ತಿಲ್ಲ ಅನ್ನುವ ಚಿಂತೆ ಅವರದು. "ಇದು ಸಿಂಗಾರ ತಿನ್ನುತ್ತಾ?" ಅಂತ ಕೇಳಿದರು. ಸಿಂಗಾರ ಅಂದರೆ ಅಡಿಕೆಯ ಹೂಗೊಂಚಲು. ಅನುಮಾನ ಸುಮ್ನೆ ಬಂದದ್ದಲ್ಲ. ಯೂಪಿಥೇಸಿಯಾದ ಹುಳಗಳಲ್ಲಿ ಹೂವು, ಬೀಜ ತಿನ್ನುವವೇ ಬಹಳ. ಆದರೆ ಅಡಿಕೆ ಸಿಂಗಾರಕ್ಕೆ ಬೀಳುವ ಹುಳ ತಿರಥಾಬಾ ಅನ್ನುವ ಬೇರೆ ಪತಂಗದ್ದು, ಬೇರೆಯೇ ಮನೆತನ.

ಹವಾಯಿ ದ್ವೀಪಗಳ ಯೂಪಿಥೇಸಿಯಾ ಕಥೆ ಕೇಳಿದ ಮೇಲೆ ಭಾವ ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿ ಈ ಕುಲದ ಹುಳಗಳಲ್ಲಿ ಹೆಚ್ಚಿನವು ಗಿಡ ತಿನ್ನುವುದು ಬಿಟ್ಟು ಬೇಟೆಗೆ ಇಳಿದಿವೆ. ಹಿಂಗಾಲಲ್ಲಿ ಕೊಂಬೆ ಹಿಡಿದು ಕಡ್ಡಿಯ ಹಾಗೆ ಮೈ ಸೆಟೆಸಿ ನಿಲ್ಲುತ್ತವೆ. ನೊಣವೊಂದು ಬಂದು ಬೆನ್ನಿನ ತುದಿ ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿ ಮುಂಗಾಲಲ್ಲಿ ಬಾಚಿ ತಿನ್ನುತ್ತವೆ. "ಅಂಥದ್ದನ್ನ ನಾಲ್ಕು ತರಿಸಿ ತೋಟಕ್ಕೆ ಬಿಡೋಕಾಗಲ್ವಾ?" ಅಂದರು ಭಾವ. ತಮಾಷೆಗೆ ಅಂದದ್ದಲ್ಲ.

ಮಲಗುವ ಮೊದಲು ಅಕ್ಕನ ಮಗಳು ಬೈಕಿನ ಕೀ ಗೊಂಚಲನ್ನು ದೀಪದ ಹತ್ತಿರ ಝಣಝಣ ಅಲ್ಲಾಡಿಸಿದಳು. ಹಾರುತ್ತಿದ್ದ ಪತಂಗಗಳು ಕೆಲವು ತಟಕ್ಕನೆ ನೆಲಕ್ಕೆ ಬಿದ್ದವು. ಕೀ ಸದ್ದಿನಲ್ಲಿ ನಮಗೆ ಕೇಳಿಸದ ಕೀಚಲು ದನಿಯೂ ಇರುತ್ತದೆ. ಬಾವಲಿ ಕೂಗುವುದೂ ಅಂಥದ್ದೇ ದನಿಯಲ್ಲಿ, ಅವಕ್ಕೆ ಅದು ಬಾವಲಿ ಬಂದ ಹಾಗೆ. ಬೂದು ಪತಂಗದ ಬಳಗಕ್ಕೂ ಕಿವಿ ಇದೆ, ಹೊಟ್ಟೆಯ ಬುಡದಲ್ಲಿ. ನಮ್ಮದು ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

ದೀಪ ಆರಿಸಿ, ಪಂಚೆಯನ್ನು ತುಳಸಿಕಟ್ಟೆ ಆಚೆಯ ಪೊದೆಗೆ ಮೆಲ್ಲಗೆ ಕೊಡವಿದೆವು. ಹಾಗೇ ಬಿಟ್ಟರೆ ಬೆಳಗಾಗುತ್ತಲೇ ಮಡಿವಾಳ ಹಕ್ಕಿ ಬಂದು ಒಂದೂ ಉಳಿಸುವುದಿಲ್ಲ. ಅವಳ ಪುಸ್ತಕದಲ್ಲಿ ಕುಲದ ಮುಂದೆ ಯೂಪಿಥೇಸಿಯಾ, ಜತೆಗೊಂದು ಪ್ರಶ್ನೆ ಚಿಹ್ನೆ. ಜಾತಿಯ ಜಾಗ ಖಾಲಿ. ಮಳೆ ಬಿಟ್ಟ ಮೇಲೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಕೊಡಚಾದ್ರಿ ಮೇಲೆ ಪಂಚೆ ಕಟ್ಟಬೇಕು ಅಂತಿದ್ದಾಳೆ. ಅದು 1,343 ಮೀಟರ್ ಎತ್ತರ, ಇವುಗಳ ನೆಂಟರು ಅಲ್ಲಿ ಜಾಸ್ತಿ ಇರಬಹುದು ಅನ್ನುವ ಲೆಕ್ಕ. ಪಂಚೆ ಬೇರೆ ಕೊಂಡುಕೊಳ್ಳಿ ಅಂತ ಭಾವ ಈಗಲೇ ಹೇಳಿದ್ದಾರೆ. ಜೀರುಂಡೆಗಳ ಕಲೆ ಎರಡು ಸಲ ಒಗೆದರೂ ಹೋಗಿಲ್ಲ.