“ನಿಮ್ಮ ಯೂನಿವರ್ಸಿಟಿಗೆ ಫುಟ್‌ಬಾಲ್ ಟೀಮೇ ಇಲ್ವಂತೆ?”

ಇದೆ. ಆತುರ ಇರುವವರು ಇಷ್ಟು ಓದಿ ಹೊರಡಬಹುದು.

ನಾನು ಓದಿದ್ದು ಯೂನಿವರ್ಸಿಟಿ ಆಫ್ ಶಿಕಾಗೊದಲ್ಲಿ. ಅಮೆರಿಕದಲ್ಲಿ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಎಲ್ಲಿ ಓದಿದ್ದು ಅಂತ ಕೇಳುತ್ತಾರೆ. ಹೇಳಿದರೆ “ಓಹ್” ಅಂತಾರೆ. ಆಮೇಲೆ ಈ ಪ್ರಶ್ನೆ. ಊರಲ್ಲಿರುವ ಚಿಕ್ಕಪ್ಪ ಕೇಳಿದರೆ ಸರಿ. ಇಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಗುದ್ದಾಡುತ್ತಾ ಓಡುವ ಆಟ ಅನ್ನುವುದೇ ಅವರಿಗೆ ಇನ್ನೂ ಜೀರ್ಣ ಆಗಿಲ್ಲ. ಆದರೆ ಇಲ್ಲೇ ಇಪ್ಪತ್ತು ವರ್ಷ ಇದ್ದವರು ಕೇಳುವಾಗ ಜೊತೆಗೊಂದು ಅನುಕಂಪ ಬೆರೆಸಿರುತ್ತಾರೆ. ಅದು ತಡೆಯೋಕಾಗಲ್ಲ.

ಒಂದು ನವೆಂಬರ್ ಕೊನೆಯ ಶನಿವಾರ ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಸ್ನೇಹಿತರ ಮನೆಯಲ್ಲಿದ್ದೆ. ಬೇಸ್‌ಮೆಂಟಿನ ಟೀವಿಯಲ್ಲಿ ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯ. ಮಿಷಿಗನ್‌ನಲ್ಲಿ ಓದಿದ ಮಹಾಶಯರೊಬ್ಬರು ಹಳದಿ ಟೀ ಶರ್ಟು ಹಾಕಿಕೊಂಡು, ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದರು. ನನ್ನ ಕಡೆ ತಿರುಗಿ, “ಪಾಪ, ನಿಮಗೆ ಇದೆಲ್ಲ ಇಲ್ಲ ಅಲ್ವಾ? ನಿಮ್ಮದು ಬರೀ ಓದೋ ಹುಡುಗರ ಜಾಗ” ಅಂದರು. ಅಂದು ತಟ್ಟೆಯಿಂದ ಗೋಡಂಬಿ ಆರಿಸಿ ಬಾಯಿಗೆ ಹಾಕಿಕೊಂಡರು.

ನಾನು ಕೇಳಿದೆ, “1905 ಗೊತ್ತಾ ಸಾರ್?”

ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದರ ಲಿಂಕು ಕಳಿಸುತ್ತೇನೆ. ಬಾಯಿ ನೋವು ತಪ್ಪುತ್ತದೆ.

1905ರ ನವೆಂಬರ್. ಮಿಷಿಗನ್ 56 ಪಂದ್ಯಗಳಿಂದ ಸೋಲೇ ಕಂಡಿರಲಿಲ್ಲ. ಆ ವರ್ಷ ಅವರ ಮೇಲೆ ಒಂದು ಅಂಕವನ್ನೂ ಯಾರೂ ಗಳಿಸಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ ಶಿಕಾಗೊಗೆ ಬಂದರು. ಇಬ್ಬರಿಗೂ ಅಂಕ ಬರುತ್ತಿಲ್ಲ. ಕೊನೆಗೆ ನಮ್ಮ ವಾಲ್ಟರ್ ಎಕರ್ಸಾಲ್ ಒದ್ದ ಚೆಂಡು ಮಿಷಿಗನ್ ಗೋಲು ಗೆರೆಯ ಹಿಂದಕ್ಕೆ ಹೋಯಿತು. ಅವರ ಡೆನ್ನಿ ಕ್ಲಾರ್ಕ್ ಅದನ್ನು ಹಿಡಿದು ಸುಮ್ನೆ ನೆಲಕ್ಕೆ ಒತ್ತಿದ್ದರೆ ಮುಗಿದಿತ್ತು. ಆದರೆ ಓಡಲು ಹೊರಟ. ನಮ್ಮವರು ಅಡ್ಡಗಟ್ಟಿ ಗೆರೆಯ ಹಿಂದಕ್ಕೇ ತಳ್ಳಿ ಕೆಡವಿದರು. ಹಾಗೆ ಕೆಡವಿದರೆ ಎದುರಾಳಿಗೆ 2 ಅಂಕ. ಪಂದ್ಯ 2–0. ಮಿಷಿಗನ್‌ನ ಐದು ವರ್ಷದ ಮೆರವಣಿಗೆ ಅಲ್ಲಿಗೆ ನಿಂತಿತು.

ಶಿಕಾಗೊದ ಸೀಸನ್ ಪಟ್ಟಿಯನ್ನು, ಅಂದರೆ ವರ್ಷವರ್ಷದ ಗೆಲುವು-ಸೋಲಿನ ಲೆಕ್ಕವನ್ನು, ಮೇಲಿನಿಂದ ಓದಿದರೆ ಮೊದಲ ಅರ್ಧ ಹೀಗೇ ಇದೆ. ಶುರುವಾಗಿದ್ದು 1892ರಲ್ಲಿ, ಯೂನಿವರ್ಸಿಟಿ ಬಾಗಿಲು ತೆರೆದ ವರ್ಷವೇ. ಕೋಚ್ ಆಮಸ್ ಅಲೋಂಜೊ ಸ್ಟ್ಯಾಗ್. ಮೊದಮೊದಲು ಆಟಗಾರರು ಸಾಲದೆ ಕೋಚೇ ಮೈದಾನಕ್ಕಿಳಿದು ಆಡಿದ. ಇವತ್ತು ಬಿಗ್ ಟೆನ್ ಅಂತ ಕೋಟಿಗಟ್ಟಲೆ ಡಾಲರ್ ಬಾಚುವ ಕಾಲೇಜು ತಂಡಗಳ ಒಕ್ಕೂಟವನ್ನು ಕಟ್ಟಿದವರಲ್ಲಿ ನಾವೂ ಒಬ್ಬರು. ಅದರಲ್ಲಿ ಏಳು ಸಲ ಪಟ್ಟ ನಮ್ಮದು, ಕೊನೆಯದು 1924ರಲ್ಲಿ. 1906ರಲ್ಲಿ ಇಲಿನಾಯ್‌ಗೆ 63–0 ಹೊಡೆದಿದ್ದೆವು. ಶಿಕಾಗೊ ಬೇರ್ಸ್ ಅನ್ನುವ ವೃತ್ತಿಪರ ತಂಡವನ್ನು “ಮಾನ್‌ಸ್ಟರ್ಸ್ ಆಫ್ ದ ಮಿಡ್‌ವೇ” ಅಂತ ಕೂಗಿ ಕುಣಿಯುತ್ತೀರಲ್ಲ, ಆ ಬಿರುದು ಮೊದಲು ಇದ್ದದ್ದು ನಮ್ಮ ಹುಡುಗರಿಗೆ. ಮಿಡ್‌ವೇ ಅನ್ನುವುದು ನಮ್ಮ ಕ್ಯಾಂಪಸ್ ಪಕ್ಕದ ಉದ್ದನೆಯ ಹುಲ್ಲಿನ ಪಟ್ಟಿ. ಬೇರ್ಸ್‌ಗೂ ಅದಕ್ಕೂ ಏನು ಸಂಬಂಧ?

1924 ಆದಮೇಲೆ ಇಳಿಜಾರು. ಸ್ಟ್ಯಾಗ್‌ಗೆ 70 ತುಂಬಿತು ಅಂತ 1932ರ ಸೀಸನ್ ಮುಗಿಸಿ ಮನೆಗೆ ಕಳಿಸಿದರು. ಆತ ಮನೆಗೆ ಹೋಗಲಿಲ್ಲ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ಇನ್ನೊಂದು ಕಾಲೇಜಿಗೆ ಕೋಚ್ ಆದ. ಬದುಕಿದ್ದು 102 ವರ್ಷ. ಇಲ್ಲಿ ಜೇ ಬರ್ವ್ಯಾಂಗರ್ ಅನ್ನುವ ಹುಡುಗ ಬಂದ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಇದೆಯಲ್ಲ, ಅದರ ಮೊಟ್ಟಮೊದಲನೆಯದು, 1935ರದ್ದು, ಸಿಕ್ಕಿದ್ದು ಅವನಿಗೆ. ಆ ಟ್ರೋಫಿಯನ್ನು ಅವನ ಚಿಕ್ಕಮ್ಮ ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡಿದ್ದಳು. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್ ಆಗ ಮಿಷಿಗನ್ ಆಟಗಾರ. ಬರ್ವ್ಯಾಂಗರ್‌ನನ್ನು ಹಿಡಿಯಲು ಹೋಗಿ ಎಡಗಣ್ಣಿನ ಕೆಳಗೆ ಗಾಯ ಮಾಡಿಕೊಂಡ, ಕಲೆ ಕೊನೆತನಕ ಉಳಿಯಿತು. ಇಷ್ಟೆಲ್ಲ ಇದ್ದೂ 1935ರಲ್ಲಿ ನಾವು ನಾಲ್ಕು ಗೆದ್ದು ನಾಲ್ಕು ಸೋತೆವು. ಒಬ್ಬನಿಂದ ಆಗುವ ಆಟ ಅಲ್ಲ ಇದು.

ಆಮೇಲೆ 1939. ಇಲ್ಲಿಗೆ ಬಂದರೆ ಎಲ್ಲರ ಮುಖದಲ್ಲೂ ಒಂದು ನಗು. 85–0 ಸೋಲನ್ನು ನೆನಪಿಸುತ್ತಾರೆ. ಹೌದು, ಅದೂ ಮಿಷಿಗನ್ ವಿರುದ್ಧ, ನಮ್ಮದೇ ಮೈದಾನದಲ್ಲಿ. ಒಂದು ಟಚ್‌ಡೌನ್‌ಗೆ 6 ಅಂಕ, ಅದರ ಮೇಲಿನ ಒದೆತಕ್ಕೆ 1. ಎಷ್ಟು ಸಲ ಗೆರೆ ದಾಟಿರಬೇಕು, ನೀವೇ ಲೆಕ್ಕ ಹಾಕಿ. ಹಾರ್ವರ್ಡ್ 61–0. ಒಹಾಯೊ ಸ್ಟೇಟ್ 61–0. ಇಲಿನಾಯ್ 46–0. ಆ ಡಿಸೆಂಬರ್‌ನಲ್ಲೇ ಯೂನಿವರ್ಸಿಟಿ ಫುಟ್‌ಬಾಲನ್ನು ಮುಚ್ಚಿತು.

“ಎಂಥಾ ಧೈರ್ಯ!” ಅನ್ನುವವರೂ ಇದ್ದಾರೆ, ಹೆಚ್ಚಾಗಿ ನಮ್ಮ ಕಾಲೇಜಿನವರೇ. ಯೂನಿವರ್ಸಿಟಿಯ ಆಗಿನ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರ ಕಣ್ಣಲ್ಲಿ ವಿದ್ಯೆಗಾಗಿ ಆಟ ತ್ಯಜಿಸಿದ ಋಷಿ. ಆತ ಕಾಲೇಜು ಆಟದ ದುಡ್ಡಿನ ಹುಚ್ಚನ್ನು ಬಯ್ದು ಬರೆದದ್ದು ನಿಜ. ಬಯ್ದದ್ದೂ ಸರಿಯೇ. ಆದರೆ ಆತ ಅಧ್ಯಕ್ಷನಾದದ್ದು 1929ರಲ್ಲಿ. ಬರ್ವ್ಯಾಂಗರ್ ಓಡುತ್ತಿದ್ದಾಗ, ಜನ ಸ್ಟ್ಯಾಂಡಿಗೆ ಬರುತ್ತಿದ್ದಾಗ ಮುಚ್ಚಲಿಲ್ಲ. ಸೋತು ಸುಣ್ಣವಾದ ಮೇಲೆ ತತ್ವ ನೆನಪಾಯಿತು.

ನಿಜ ಹೇಳಬೇಕೆಂದರೆ ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅಂತ ಆಸೆ. 85–0 ಆದ ಮುಂದಿನ ಶನಿವಾರಗಳಲ್ಲಿ ಆ ಹುಡುಗರು ಏನು ಮಾಡಿದರು?

ಆಡಿದರು. ವರ್ಜೀನಿಯಾ ವಿರುದ್ಧ ಇಳಿದು 47–0 ಸೋತರು. ಒಹಾಯೊ ಸ್ಟೇಟ್ ಹೊಡೆದ 61 ಅದರ ಮೇಲೆ. ಅದಾದ ಮೇಲೆ ಓಬರ್ಲಿನ್ ಅನ್ನುವ ಸಣ್ಣ ಕಾಲೇಜಿನ ವಿರುದ್ಧ ಇಳಿದು 25–0 ಗೆದ್ದರು! ಇದನ್ನು ಯಾರೂ ಹೇಳಲ್ಲ. ಇವರಿಗೆ ಆಟಕ್ಕೆಂದು ಸ್ಕಾಲರ್‌ಶಿಪ್ ಇರಲಿಲ್ಲ, ತರಗತಿಯಲ್ಲಿ ರಿಯಾಯಿತಿಯೂ ಇರಲಿಲ್ಲ. ಎದುರಿಗೆ ಬರುತ್ತಿದ್ದವರು ಆಟಕ್ಕೆಂದೇ ಹುಡುಕಿ ತಂದವರು. ಆ ಸೀಸನ್ನಿನಲ್ಲಿ ಎಂಟು ಪಂದ್ಯ, ಎರಡು ಗೆಲುವು, ಗಳಿಸಿದ್ದು ಒಟ್ಟು 37, ಬಿಟ್ಟುಕೊಟ್ಟದ್ದು 308. ಒಂದೂ ಪಂದ್ಯ ಬಿಟ್ಟು ಓಡಲಿಲ್ಲ.

ಕೋಚ್ ದಡ್ಡನಿದ್ದ ಅಂದುಕೊಳ್ಳಬೇಡಿ. ಕ್ಲಾರ್ಕ್ ಶಾಗ್ನೆಸಿ ಅಂತ. ಇಲ್ಲಿ ಕೆಲಸ ಹೋದ ಮೇಲೆ ಸ್ಟ್ಯಾನ್‌ಫರ್ಡ್ ಕರೆಯಿತು. 1940ರ ಸೀಸನ್ನಿನಲ್ಲಿ ಅಲ್ಲಿ ಒಂದೂ ಪಂದ್ಯ ಸೋಲದೆ, ಸೀಸನ್ ಕೊನೆಯ ದೊಡ್ಡ ಪಂದ್ಯವಾದ ರೋಸ್ ಬೌಲ್ ಕೂಡ ಗೆದ್ದ. 308 ಅಂಕ ಬಿಟ್ಟುಕೊಟ್ಟವನೂ ಇವನೇ, ಮರುವರ್ಷ ದೇಶವೆಲ್ಲ ನಕಲು ಮಾಡಿದ ಆಟ ಆಡಿಸಿದವನೂ ಇವನೇ. ಬದಲಾದದ್ದು ಕೈಗೆ ಸಿಕ್ಕ ಹುಡುಗರು.

ಖಾಲಿಯಾದ ಮೈದಾನದ ಪಶ್ಚಿಮದ ಸ್ಟ್ಯಾಂಡಿನ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಗ್ರ್ಯಾಫೈಟ್ ಇಟ್ಟಿಗೆ ಪೇರಿಸಿ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಸಿತು. ಇದನ್ನು ಹೇಳಿದ ಕೂಡಲೇ ಎಲ್ಲರೂ ಫುಟ್‌ಬಾಲ್ ಮರೆತು ಬಾಂಬಿನ ಕಡೆ ಹೋಗಿಬಿಡುತ್ತಾರೆ, ಅದಕ್ಕೇ ಇಷ್ಟಕ್ಕೇ ಬಿಡುತ್ತೇನೆ. ಆಮೇಲೆ ಆ ಸ್ಟ್ಯಾಂಡ್ ಕೆಡವಿದರು. ಆ ಮೈದಾನದ ಜಾಗದಲ್ಲಿ 1970ರಲ್ಲಿ ರೆಗೆನ್‌ಸ್ಟೈನ್ ಲೈಬ್ರರಿ ತೆರೆಯಿತು. ಯೂನಿವರ್ಸಿಟಿಯ ಕನ್ನಡ ಪುಸ್ತಕಗಳು ಇರುವುದು ಅಲ್ಲಿ. ಮೈಸೂರಿನ ಎ. ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದ ಕ್ಯಾಂಪಸ್ ಇದು. ಊಟದ ಮನೆಗಳಲ್ಲಿ ಅವರ ಬಗ್ಗೆ ನನ್ನನ್ನು ಒಬ್ಬರೂ ಕೇಳಿಲ್ಲ, ನೋಡಿ.

ಪಟ್ಟಿಯಲ್ಲಿ ಮುಂದೆ ಇಪ್ಪತ್ತೊಂಬತ್ತು ವರ್ಷ ಖಾಲಿ. 1963ರಲ್ಲಿ ಹುಡುಗರು ಮತ್ತೆ ಚೆಂಡು ಹಿಡಿಯಲು ಹೊರಟಾಗ ಬೇರೆ ವಿದ್ಯಾರ್ಥಿಗಳು ಮೈದಾನದ ಮಧ್ಯೆ ಧರಣಿ ಕೂತರು, ಪೊಲೀಸರು ಬಂದರು. ಫುಟ್‌ಬಾಲ್ ಬೇಡ ಅಂತ ಧರಣಿ ಕೂರುವ ಇನ್ನೊಂದು ಕಾಲೇಜು ಅಮೆರಿಕದಲ್ಲಿ ತೋರಿಸಿ ನೋಡೋಣ. 1969ರಲ್ಲಿ ಅಧಿಕೃತವಾಗಿ ತಂಡ ಮರಳಿತು. ಅಂದಿನಿಂದ ಪ್ರತಿ ಸೀಸನ್ನಿಗೂ ಒಂದು ಸಾಲು ಸೇರುತ್ತಿದೆ. ಈಗ ಆಡುವುದು ಕಾಲೇಜು ಆಟದ ಮೂರನೇ ಹಂತವಾದ ಡಿವಿಷನ್ ಮೂರರಲ್ಲಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಶನಿವಾರ ಆಡುತ್ತಾರೆ, ಸೋಮವಾರ ಪರೀಕ್ಷೆ ಬರೆಯುತ್ತಾರೆ. ಕೆಲವು ವರ್ಷ ಚೆನ್ನಾಗಿ ಗೆಲ್ಲುತ್ತಾರೆ, ಕೆಲವು ವರ್ಷ ಇಲ್ಲ.

ಟೀವಿಯಲ್ಲಿ ಬರಲ್ಲ. ಟಿಕೆಟ್ ಸಿಗುತ್ತಾ ಅಂತ ಮಾತ್ರ ಕೇಳಬೇಡಿ. ಮಿಷಿಗನ್ ಸ್ಟೇಡಿಯಮ್ಮಿನಲ್ಲಿ ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ, ನಮ್ಮಲ್ಲಿ ಸಾವಿರ ಚಿಲ್ಲರೆ. ಆದರೂ ಜಾಗ ಬೇಕಾದಷ್ಟಿರುತ್ತೆ. ಸೆಪ್ಟೆಂಬರ್‌ನಲ್ಲಿ ಬನ್ನಿ, ನವೆಂಬರ್‌ನಲ್ಲಿ ಚಳಿ ಜಾಸ್ತಿ.